ಪೇಟೆಂಟಿನ ಎಲ್ಲೆ ಎಲ್ಲಿಯವರೆಗೆ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವು ಇಂದಿಗೂ ಇದ್ದು, ಆ ಸೀಮೆಯ ದಾನಶಾಸನಗಳಲ್ಲಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದು ಕೊಟ್ಟ ಉಲ್ಲೇಖಗಳು ದೊರೆಯುತ್ತವೆ. ದಾನದ ಗದ್ದೆ ಎಲ್ಲಿಗೆ ಮುಗಿಯುತ್ತದೆಂಬುದು ಪಕ್ಕದ ಒಕ್ಕಲಿಗೂ ತಿಳಿದಿರಬೇಕಾದಂತೆ, ಒಂದು ಆವಿಷ್ಕಾರದ ಮೇಲೆ ಇಪ್ಪತ್ತು ವರ್ಷಗಳ ಏಕಸ್ವಾಮ್ಯ ನೀಡುವ ಪೇಟೆಂಟಿಗೂ ಎಲ್ಲರಿಗೆ ಕಾಣುವ ಎಲ್ಲೆ ಬೇಕು. ಅದನ್ನು ಹಾಕುವುದು ಅರ್ಜಿಯ ಕೊನೆಯಲ್ಲಿ ಬರುವ ‘ಕ್ಲೇಮ್’ಗಳು, ಅಂದರೆ ಅರ್ಜಿದಾರನು ತನ್ನದೆಂದು ಕೋರುವ ಹಕ್ಕಿನ ವಾಕ್ಯಗಳು. ಭಾರತದ 1970ರ ಪೇಟೆಂಟ್ ಕಾಯ್ದೆಯ 10ನೆಯ ಕಲಮು ಇವು ಸ್ಪಷ್ಟವೂ ಸಂಕ್ಷಿಪ್ತವೂ ಆಗಿರಬೇಕೆನ್ನುತ್ತದೆ. ವ್ಯಾಪ್ತಿ ಅಸ್ಪಷ್ಟವಾಗಿದ್ದರೆ ಪೇಟೆಂಟನ್ನು ರದ್ದುಪಡಿಸಲು 64ನೆಯ ಕಲಮು ಅವಕಾಶ ಕೊಡುತ್ತದೆ.

ಆದರೆ ಎಷ್ಟು ಸ್ಪಷ್ಟವಾಗಿದ್ದರೆ ಸಾಕು ಎಂಬುದೇ ವಿವಾದದ ತಿರುಳು. ಅಮೆರಿಕದಲ್ಲಿ ವ್ಯಾಯಾಮದ ಯಂತ್ರಗಳಿಗೆ ಅಳವಡಿಸುವ ಹೃದಯಬಡಿತದ ಮಾಪಕವೊಂದರ ಪೇಟೆಂಟಿನಲ್ಲಿ, ಕೈಗಳಿಂದ ಹಿಡಿಯುವ ದಂಡದ ಮೇಲಿನ ಎಲೆಕ್ಟ್ರೋಡುಗಳು ಪರಸ್ಪರ ‘ಅಂತರದಲ್ಲಿ’ ಇರಬೇಕೆಂದಷ್ಟೇ ಇತ್ತು. ಅಂತರ ಎಷ್ಟೆಂದು ಇರಲಿಲ್ಲ. ಬಯೋಸಿಗ್ ಕಂಪನಿಯ ಈ ಪೇಟೆಂಟಿನ ವಿರುದ್ಧ ನಾಟಿಲಸ್ ಕಂಪನಿ ಹೂಡಿದ ವಾದದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ, ಬಿಡಿಸಲಾಗದಷ್ಟು ಗೊಂದಲವಿದ್ದರೆ ಮಾತ್ರ ಕ್ಲೇಮ್ ದೋಷಪೂರ್ಣವೆಂಬ ಹಳೆಯ ಸಡಿಲ ಒರೆಯನ್ನು ತಳ್ಳಿಹಾಕಿ, ಆ ಕ್ಷೇತ್ರದ ತಜ್ಞನಿಗೆ ವ್ಯಾಪ್ತಿಯು ತಕ್ಕಮಟ್ಟಿನ ಖಚಿತತೆಯಿಂದ ತಿಳಿಯಬೇಕೆಂದಿತು. ಕುತೂಹಲದ ಸಂಗತಿಯೆಂದರೆ, ಈ ಹೊಸ ಒರೆಗೆ ಹಚ್ಚಿದ ಕೆಳಗಿನ ಮೇಲ್ಮನವಿ ನ್ಯಾಯಾಲಯವು 2015ರಲ್ಲಿ ಅದೇ ಪೇಟೆಂಟನ್ನು ಮತ್ತೆ ಉಳಿಸಿತು: ಅಂತರವು ಅಂಗೈಯ ಅಗಲವನ್ನು ಮೀರುವಂತಿಲ್ಲ, ಎರಡು ಎಲೆಕ್ಟ್ರೋಡುಗಳು ಒಂದೇ ಆಗುವಷ್ಟು ಕಿರಿದಾಗುವಂತೆಯೂ ಇಲ್ಲ ಎಂಬುದು ವಿವರಣೆಯಿಂದಲೇ ತಿಳಿಯುತ್ತದೆಂಬುದು ಅದರ ನೆಲೆ.

ಹೀಗಾಗಿ ‘ಸುಮಾರು’, ‘ಬಹುಮಟ್ಟಿಗೆ’ ಎಂಬ ಪದಗಳೇ ದೋಷವಲ್ಲ. ಅವುಗಳಿಗೆ ಅಳತೆಗೋಲಿಲ್ಲದಿರುವುದು ದೋಷ. ಸೊರಬದ ಕುಶಲಿಯೊಬ್ಬನು ಅಡಿಕೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಕೋರಿ, ಬ್ಲೇಡುಗಳು ‘ಸೂಕ್ತ ದೂರದಲ್ಲಿ’ ಇವೆ ಎಂದಷ್ಟೇ ಬರೆದನೆಂದುಕೊಂಡರೆ, ಯಾವ ಗಾತ್ರದ ಕಾಯಿಗೆ ಎಷ್ಟು ದೂರ ಎಂಬುದು ವಿವರಣೆಯಲ್ಲೂ ಇಲ್ಲದಿದ್ದಾಗ, ಎದುರಾಳಿಯ ಯಂತ್ರ ತನ್ನ ಎಲ್ಲೆಯೊಳಗಿದೆಯೆಂದು ಸಾಧಿಸುವುದು ಅವನಿಗೆ ಕಷ್ಟ, ಪೇಟೆಂಟೇ ರದ್ದಾಗುವ ಭಯವೂ ಉಂಟು. ಎಲ್ಲವನ್ನೂ ಬಾಚಿಕೊಳ್ಳುವ ಆಸೆಯಿಂದ ಬೇಕೆಂದೇ ಮಸುಕು ಪದ ಬಳಸುವವರೂ ಇದ್ದಾರೆ. ಅವರ ಬಗ್ಗೆ ಕಾನೂನು ಮರುಗಬೇಕಾಗಿಲ್ಲ. ಅರ್ಜಿ ಸಲ್ಲಿಸಿದ ಮೇಲೆ ತಿದ್ದುಪಡಿಯಿಂದ ಹೊಸ ವಿಷಯ ಸೇರಿಸಲು 59ನೆಯ ಕಲಮು ಬಿಡುವುದಿಲ್ಲವಾದ್ದರಿಂದ, ಕರ್ನಾಟಕದ ಅರ್ಜಿಗಳನ್ನು ಸ್ವೀಕರಿಸುವ ಚೆನ್ನೈನ ಪೇಟೆಂಟ್ ಕಚೇರಿಗೆ ಕಾಗದ ಕಳುಹಿಸುವ ಮೊದಲೇ ಅಳತೆ, ಮಿತಿ, ಉದಾಹರಣೆಗಳನ್ನು ವಿವರಣೆಯಲ್ಲಿ ಬರೆದಿಡುವುದು ಒಳಿತು.