ರಾಜ್ಯೋತ್ಸವದ ಮರುದಿನದ ಕಸ: ಎತ್ತುವವರ ಕೈಗೆ ಗಾಯವಾಗದಿರಲಿ



ರಾಜ್ಯೋತ್ಸವಕ್ಕೆ ಗದ್ವಾಲ್, ಮಕ್ತಲ್, ನಾರಾಯಣಪೇಟೆ ಮೂರೂ ಕಡೆಯಿಂದ ಜನ ಸೇರುತ್ತೇವೆ. ವೇದಿಕೆ, ಊಟ, ಸನ್ಮಾನ ಎಲ್ಲದರ ಬಗ್ಗೆಯೂ ಚರ್ಚೆಯಾಗುತ್ತದೆ. ಮರುದಿನ ಬೆಳಿಗ್ಗೆ ಸಭಾಂಗಣ ಗುಡಿಸುವವರ ಬಗ್ಗೆ ಮಾತ್ರ ನಡಾವಳಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ಕೈ ಕೊಯ್ಯುವುದು ಚೀಲದೊಳಗೆ ಕಾಣದಂತೆ ಕೂತ ವಸ್ತು: ಬ್ಯಾನರ್ ಕಟ್ಟಿದ ತಂತಿ, ಒಡೆದ ಲೋಟ, ಬ್ಲೇಡು, ಗುಂಡುಸೂಜಿ. (ಗುಮಾಸ್ತಗಿರಿ ಮಾಡಿದವನಿಗೆ ಗುಂಡುಸೂಜಿ ಎಲ್ಲೆಲ್ಲಿ ಹೋಗಿ ಸೇರುತ್ತದೆಂದು ಬೇರೆ ಹೇಳಬೇಕಿಲ್ಲ.) ಇವನ್ನು ಗಟ್ಟಿ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಹಚ್ಚಿ, ಮೇಲೆ 'ಗಾಜು' ಎಂದು ತೆಲುಗು ಲಿಪಿಯಲ್ಲಿ ಬರೆಯಿರಿ. ಪದ ಎರಡೂ ಭಾಷೆಗೆ ಒಂದೇ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟು, ಕಸದವರಿಗೆ ಹೇಳಿಯೇ ಬೇರೆಯಾಗಿ ಕೊಡಬೇಕು.

ಚೀಲವನ್ನು ಮುಕ್ಕಾಲು ತುಂಬಿದರೆ ಸಾಕು. ಇನ್ನಷ್ಟು ಹಿಡಿಸಲೆಂದು ಕೈಯಿಂದಲೋ ಕಾಲಿನಿಂದಲೋ ಒತ್ತುವುದು ನಮ್ಮವರ ಅಭ್ಯಾಸ, ಗಾಯವಾಗುವುದೂ ಆಗಲೇ. ಬಾಯಿ ಕಟ್ಟಿ, ಕತ್ತಿನ ಭಾಗ ಹಿಡಿದು, ಕಾಲಿಗೆ ತಾಗದಂತೆ ಒಯ್ಯಬೇಕು. ತಳಕ್ಕೆ ಕೈ ಕೊಡಬಾರದು. ಕೈಗವಸು ದಪ್ಪ ರಬ್ಬರಿನದಿರಲಿ. ಏನಾದರೂ ಚುಚ್ಚಿದರೆ ಹಿಂಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು. ಚುಚ್ಚಿದ್ದು ಬಳಸಿದ ಇಂಜೆಕ್ಷನ್ ಸೂಜಿಯಾದರೆ ಅದನ್ನು ವೈದ್ಯರಿಗೆ ಹೇಳಲೇಬೇಕು; ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕಾಗುತ್ತದೆ.

ಶೌಚಾಲಯ ತೊಳೆಯುವಾಗ ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಸುರಿಯಬಾರದು. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಹೆಚ್ಚು ಬೆಳ್ಳಗಾಗಲಿ ಎಂಬ ಆಸೆಗೆ ಇದನ್ನು ಮಾಡುವವರು ಇನ್ನೂ ಇದ್ದಾರೆ.

ಇನ್ನು ವಿಂಗಡಣೆ. ಇಲ್ಲಿ 'ತಡಿ ಚೆತ್ತ, ಪೊಡಿ ಚೆತ್ತ' ಎನ್ನುವುದು ನಮ್ಮ ಹಸಿ ಕಸ, ಒಣ ಕಸವೇ. 'ಪೊಡಿ' ಎಂದರೆ ಪುಡಿ ಎಂದುಕೊಂಡು ಗುಡಿಸಿದ ಧೂಳನ್ನಷ್ಟೇ ಆ ಡಬ್ಬಕ್ಕೆ ಹಾಕಬೇಡಿ! ಬಾಳೆ ಎಲೆ, ಉಳಿದ ಅನ್ನ ಹಸಿ ಕಸ. ಕಾಗದದ ಟೀ ಕಪ್ಪಿಗೆ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಅಲ್ಲಿಗೆ ಸೇರದು. ಪ್ಯಾಡು, ಮಕ್ಕಳ ಡೈಪರು ಕಾಗದದಲ್ಲಿ ಸುತ್ತಿ ಪ್ರತ್ಯೇಕ ಇಡಬೇಕು. ಬೆಂಗಳೂರಿನಲ್ಲಿ ಇದಕ್ಕೆಂದೇ ಕೆಂಪು ಡಬ್ಬ. ಅಲ್ಲಿ ಮಕ್ಕಳಿರುವವರು ನೋಡಿರುತ್ತೀರಿ. 2026ರ ಘನತ್ಯಾಜ್ಯ ನಿಯಮಗಳಲ್ಲಿಯೂ ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ ಎಂದು ನಾಲ್ಕು ಭಾಗ. ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ ನಾಲ್ಕನೆಯದರಲ್ಲಿ ಬರುತ್ತವೆ. ಹಿತ್ತಲಲ್ಲಿ ಸುಡುವುದು ಯಾವ ನಿಯಮದಲ್ಲೂ ಇಲ್ಲ.

ಸಂಘಗಳಿಗೆ ಸಂಬಂಧಿಸಿದ ಒಂದು ವಿಷಯ 2016ರ ನಿಯಮಗಳಲ್ಲೇ ಇತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕು. ಅರ್ಜಿ ಬರೆಯುವ ಕೆಲಸ ನನಗಿರಲಿ.

ಈ ಸಲ ಊಟದ ಜಾಗದಲ್ಲಿ ಹಸಿರು, ನೀಲಿ, ಕೆಂಪು ಡಬ್ಬಗಳನ್ನೂ, ವೇದಿಕೆಯ ಹಿಂದೆ ತಂತಿ, ಗಾಜಿಗೆ ತಗಡಿನ ಡಬ್ಬಿಯನ್ನೂ ಇಡಲಾಗುವುದು. ಕೈಗವಸು ಸಂಘದ ಖರ್ಚು. ಡಬ್ಬಗಳ ಹತ್ತಿರ ನಿಲ್ಲಲು ಪ್ರತಿ ಊರಿನಿಂದ ಇಬ್ಬರು ಬೇಕು. ಒಪ್ಪುವವರು ಅಕ್ಟೋಬರ್ 25ರೊಳಗೆ ಹೆಸರು ಕೊಡಿ.

– ಕಾರ್ಯದರ್ಶಿ