ಮನೆಗೆ ಡಿಜಿಟಲ್ ರೇಡಿಯೋ: ಕೊಳ್ಳುವ ಮುಂಚೆ ತಿಳಿಯತಕ್ಕ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಹಲವರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಊರಿನಿಂದ ತಂದೆತಾಯಿಗಳು ಬಂದಿದ್ದಾರೆ. ನಾವು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮಾತಿಲ್ಲದೆ ಕೂತಿರುತ್ತಾರೆ. ಹೈದರಾಬಾದಿನ ಬೀದಿಯ ತೆಲುಗು, ಉರ್ದು ಅವರಿಗೆ ತಿಳಿಯದು. ಕನ್ನಡ ವಾರ್ತೆ, ಕನ್ನಡ ಹಾಡು ಕೇಳಿಸಲು ಯಾವ ಡಿಜಿಟಲ್ ರೇಡಿಯೋ ಕೊಳ್ಳಬೇಕು? ಪ್ರಶ್ನೆ ಚಿಕ್ಕದು. ಆದರೆ ಅಂಗಡಿಗಳಲ್ಲಿ 'ಡಿಜಿಟಲ್' ಎಂಬ ಒಂದೇ ಚೀಟಿ ಬೇರೆ ಬೇರೆ ಜಾತಿಯ ಸಾಮಾನುಗಳಿಗೆ ಅಂಟಿಕೊಂಡಿರುವುದರಿಂದ, ನಾಲ್ಕಾರು ಸಾವಿರ ರೂಪಾಯಿ ಕೊಟ್ಟು ಮೂಕ ಪೆಟ್ಟಿಗೆಯೊಂದನ್ನು ಮನೆಗೆ ತರುವ ಸಂಭವ ಉಂಟು.

ಪೆಟ್ಟಿಗೆಯ ಮುಖದಲ್ಲಿ ಅಂಕಿಗಳು ಹೊಳೆಯುತ್ತವೆಂದ ಮಾತ್ರಕ್ಕೆ ಅದು ಡಿಜಿಟಲ್ ಪ್ರಸಾರವನ್ನು ಹಿಡಿಯುವ ರೇಡಿಯೋ ಆಗುವುದಿಲ್ಲ. ಹಳೆಯ ಮುಳ್ಳಿನ ಬದಲು ಅಂಕಿಯಿಂದ ಕೇಂದ್ರವನ್ನು ತೋರಿಸುವ ಸಾಮಾನ್ಯ ರೇಡಿಯೋ ಅದು. ಕೆಟ್ಟದ್ದೇನೂ ಅಲ್ಲ, ಕಣ್ಣು ಮಂಜಾದ ಹಿರಿಯರಿಗೆ ಮುಳ್ಳಿಗಿಂತ ಅಂಕಿಯೇ ಲೇಸು. ಆದರೆ ಅದಕ್ಕಾಗಿ ಹೆಚ್ಚಿನ ಬೆಲೆ ಕೊಡಬೇಕಾದುದಿಲ್ಲ.

ನಿಜವಾದ ಡಿಜಿಟಲ್ ಪ್ರಸಾರದಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಕಳಿಸುತ್ತಾರೆ. ಯೂರೋಪಿನಲ್ಲಿ ಇದಕ್ಕೆ ಡಿಎಬಿ ಎಂಬ ಪದ್ಧತಿ ಬಳಕೆಯಲ್ಲಿದೆ. ನಾರ್ವೆ ದೇಶವು 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್ಎಂ ಪ್ರಸಾರವನ್ನೇ ನಿಲ್ಲಿಸಿ ಆ ಪದ್ಧತಿಗೆ ಹೋಯಿತು. ನಮ್ಮ ಆಕಾಶವಾಣಿ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಬೇರೆ ಪದ್ಧತಿಯನ್ನು. (ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ಬಾನುಲಿ ಕೇಂದ್ರದ್ದೆಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬಹುದು.) ಇವೆರಡು ಪದ್ಧತಿಗಳು ಒಂದಕ್ಕೊಂದು ಹೊಂದುವುದಿಲ್ಲ. ವಿದೇಶದಿಂದ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಡಿಎಬಿ ರೇಡಿಯೋ, ಅಥವಾ ಫೋನಿನಲ್ಲಿ ಚಿತ್ರ ನೋಡಿ ತರಿಸಿಕೊಂಡದ್ದು, ಕಾಚಿಗುಡದ ಮನೆಯಲ್ಲಿ ಡಿಜಿಟಲ್ ಆಗಿ ಏನನ್ನೂ ಹಿಡಿಯದು. ಅದರಲ್ಲಿ ಎಫ್ಎಂ ಇದ್ದರೆ ಅಷ್ಟೇ ಲಾಭ. ಆದುದರಿಂದ ಡಬ್ಬಿಯ ಮೇಲೆ ಡಿಎಬಿ ಎಂದಿದೆಯೋ, ಡಿಆರ್‌ಎಂ ಎಂದಿದೆಯೋ ಮೊದಲು ಓದತಕ್ಕದ್ದು.

ಹಾಗಾದರೆ ಡಿಆರ್‌ಎಂ ಕೊಳ್ಳಬಹುದೆ? ಆಕಾಶವಾಣಿಯು 30ಕ್ಕೂ ಹೆಚ್ಚು ಮೀಡಿಯಂ ವೇವ್ ಪ್ರಸಾರ ಯಂತ್ರಗಳನ್ನು ಈ ಪದ್ಧತಿಗೆ ಒಗ್ಗಿಸಿದೆ. ಹೊಸ ಕಾರುಗಳಲ್ಲಿ ಲಕ್ಷಾಂತರ ಡಿಆರ್‌ಎಂ ರೇಡಿಯೋಗಳು ಕೂತೇ ಬರುತ್ತಿವೆ. ಮನೆಯ ಪೆಟ್ಟಿಗೆಗಳು ಮಾತ್ರ ಇಂದಿಗೂ ವಿರಳ, ದುಬಾರಿ. ಅದಲ್ಲದೆ ಇನ್ನೊಂದು ತೊಡಕು ಉಂಟು. ಹಳೆಯ ಪದ್ಧತಿಯಲ್ಲಿ ಅಲೆ ಕ್ಷೀಣವಾದರೂ ಗೊರಗೊರ ಸದ್ದಿನ ನಡುವೆ ವಾರ್ತೆ ಹೇಗೋ ಕಿವಿಗೆ ಬೀಳುತ್ತದೆ. ಡಿಜಿಟಲ್‌ನಲ್ಲಿ ಅಂಕಿಗಳು ಸಾಕಷ್ಟು ಬಂದರೆ ಧ್ವನಿ ತಿಳಿಗೊಳದಂತೆ. ಬರದಿದ್ದರೆ ಪೂರ್ತಿ ಮೌನ.

ಇಲ್ಲಿ ದೂರದ ಲೆಕ್ಕ ಬರುತ್ತದೆ. ಎಫ್ಎಂ ಅಲೆ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಸಾಗುವಂಥದು. ಕೆಲವು ಹತ್ತು ಮೈಲಿಗಳಾಚೆ ಭೂಮಿಯ ಉಬ್ಬೇ ಅದಕ್ಕೆ ಅಡ್ಡ. ನಮಗೆ ಹತ್ತಿರವೆನಿಸುವ ಕಲಬುರಗಿಯೂ ರಸ್ತೆಯಲ್ಲಿ 200 ಕಿಲೋಮೀಟರಿಗೆ ಮೀರಿದೆ. ಆದ್ದರಿಂದ ಅಲ್ಲಿಯ ಎಫ್ಎಂ ಇಲ್ಲಿಗೆ ಬಾರದು. ಮೀಡಿಯಂ ವೇವ್ ಹಾಗಲ್ಲ. ಹಗಲು ಅದು ನೆಲ ಹಿಡಿದು ನಡೆಯುತ್ತದೆ. ಹೊತ್ತು ಮುಳುಗಿದ ಮೇಲೆ, ಮೇಲಿನ ವಾಯುಮಂಡಲದಲ್ಲಿ ಅಲೆಯನ್ನು ಹೀರುತ್ತಿದ್ದ ಪದರವು ಕರಗಿ, ಅದಕ್ಕೂ ಎತ್ತರದ ಪದರಕ್ಕೆ ಬಡಿದ ಅಲೆಯು ನೂರಾರು ಮೈಲಿಯಾಚೆ ಇಳಿಯುತ್ತದೆ. ಬೆಂಗಳೂರಿಗೆ 612, ಧಾರವಾಡಕ್ಕೆ 765 ಎಂದು ಕೇಳುಗರು ಬಹುಕಾಲದಿಂದ ಗುರುತಿಟ್ಟುಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಯಾರದಾದರೂ ರೇಡಿಯೋ ತಂದು ಆ ಅಂಕಿಗಳಿಗೆ ತಿರುಗಿಸಿ ನೋಡಿ. ಎಲ್‌ಇಡಿ ದೀಪ, ಫೋನ್ ಚಾರ್ಜರು ಆರಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ಸುತ್ತ ತಿರುಗಿಸಿ. ಒಳಗಿರುವ ಆಂಟೆನಾ ಕಡ್ಡಿಗೆ ದಿಕ್ಕಿನ ಗುಣ ಉಂಟು. ಆಕಾಶವಾಣಿಯು ಹಳೆಯ ಮೀಡಿಯಂ ವೇವ್ ಯಂತ್ರಗಳಲ್ಲಿ ಹಲವನ್ನು ನಿಲ್ಲಿಸುತ್ತ ಬಂದಿರುವುದರಿಂದ, ಈ ಪರೀಕ್ಷೆಯಿಲ್ಲದೆ ಹಣ ಬಿಚ್ಚಬಾರದು. ರಾತ್ರಿ ಸಿಕ್ಕೀತೆಂದರೂ ಹಗಲಿನಲ್ಲಿ ಕೂರುವ ಅಜ್ಜಿಗೆ ಅದರಿಂದ ಏನು ಬಂತು?

ಹಗಲೂ ರಾತ್ರಿಯೂ ಕನ್ನಡ ಬೇಕೆಂದರೆ ಇಂಟರ್ನೆಟ್ಟೇ ದಾರಿ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಬೆಂಗಳೂರು, ಧಾರವಾಡ, ಮೈಸೂರು, ಮಂಗಳೂರು ಕೇಂದ್ರಗಳು ಹಣವಿಲ್ಲದೆ ಸಿಗುತ್ತವೆ. ಡೇಟಾ ಖರ್ಚಿಗೆ ಹೆದರುವವರಿಗೆ ಗುಮಾಸ್ತೆಯ ಲೆಕ್ಕ ಒಪ್ಪಿಸುತ್ತೇವೆ: ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವಾದರೆ ಗಂಟೆಗೆ ಸುಮಾರು 29 ಎಂಬಿ, ದಿನಕ್ಕೆ 4 ಗಂಟೆ ಕೇಳಿದರೆ 30 ದಿನಕ್ಕೆ ಮೂರೂವರೆ ಜಿಬಿ.

ನಮ್ಮ ಅಭಿಪ್ರಾಯ ಹೀಗಿದೆ: ಮೀಡಿಯಂ ವೇವ್, ಎಫ್ಎಂ ಎರಡೂ ಇರುವ, ಅಂಕಿ ತೋರಿಸುವ, ಬ್ಲೂಟೂತ್ ಅಥವಾ ತಂತಿಯ ಕಿಂಡಿಯುಳ್ಳ ಸಾಧಾರಣ ರೇಡಿಯೋ ಕೊಳ್ಳಿ. ಮೂಲೆಗೆ ಬಿದ್ದ ಹಳೆಯ ಫೋನಿನಲ್ಲಿ ಆ್ಯಪ್ ಹಾಕಿ ಅದಕ್ಕೆ ಜೋಡಿಸಿ. ಅಗ್ಗದ ಪೆಟ್ಟಿಗೆಗಳಲ್ಲಿ ಈಗ ಬರಿಯ ಎಫ್ಎಂ ಇರುವುದುಂಟು. ಎಎಂ ಅಥವಾ ಎಂಡಬ್ಲ್ಯೂ ಎಂಬ ಅಕ್ಷರ ಹುಡುಕಿ. ಧ್ವನಿ ಹೆಚ್ಚಿಸಲು ತಿರುಗಿಸುವ ದಪ್ಪ ಗುಂಡಿ ಇರಲಿ. ಒತ್ತೊತ್ತಾಗಿರುವ ಚಿಕ್ಕ ಗುಂಡಿಗಳು ವೃದ್ಧರ ಬೆರಳಿಗೆ ಶಿಕ್ಷೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಸೆಲ್ಲಿನಿಂದಲೂ ನಡೆಯುವಂತಿದ್ದರೆ ಕರೆಂಟು ಹೋದಾಗ ಅನುಕೂಲ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಚೌಕಾಸಿಗೆ ಎಡೆಯುಂಟು. ಆದರೆ ಆ ಇಕ್ಕಟ್ಟಿನ ಕಾಂಕ್ರೀಟು ಅಂಗಡಿಯೊಳಗೆ, ನೂರು ಯಂತ್ರಗಳ ನಡುವೆ, ಮೀಡಿಯಂ ವೇವ್ ಪರೀಕ್ಷೆ ನಡೆಯಲಾರದು. 'ಮನೆಯಲ್ಲಿ ಹಿಡಿಯದಿದ್ದರೆ ಎರಡು ದಿನದೊಳಗೆ ಹಿಂದಕ್ಕೆ' ಎಂದು ರಸೀತಿಯ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಎಫ್ಎಂ ಪಟ್ಟಿಯಲ್ಲೇ ಖಾಸಗಿ ಡಿಜಿಟಲ್ ಪ್ರಸಾರವನ್ನು ಆರಂಭಿಸುವ ಬಗ್ಗೆ ಟ್ರಾಯ್ ಸಂಸ್ಥೆಯು 2025ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ಅದು ಕಾರ್ಯಕ್ಕೆ ಬಂದಾಗ ಯಾವ ಪೆಟ್ಟಿಗೆ ಬೇಕಾದೀತೆಂದು ಈಗಲೇ ಊಹಿಸಿ ದುಬಾರಿ ರೇಡಿಯೋ ತರುವ ಅವಸರ ಬೇಡ.

ಆ್ಯಪ್ ಹಾಕಿಕೊಳ್ಳಲು ತಿಳಿಯದವರು ವಾಚನಾಲಯ ತೆರೆದಿರುವ ಹೊತ್ತಿನಲ್ಲಿ ಫೋನು, ರೇಡಿಯೋ ಎರಡನ್ನೂ ತಂದರೆ ಜೋಡಿಸಿ ತೋರಿಸುತ್ತೇವೆ. ಚಾರ್ಜರು ಮರೆಯದಿರಿ.