ಅಗ್ಗದ ಇಂಕಿಗೆ ಮುನ್ನ ಹೆಡ್ ಎಲ್ಲಿದೆ ನೋಡಿ

ಪುಣೆಯ ತಿಲಕ್ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಕಾರ್ಟ್ರಿಜ್ ಕೇಳಿದರೆ ಕೌಂಟರಿನಿಂದ ಬರುವ ಮೊದಲ ಪ್ರಶ್ನೆ, “ಓರಿಜಿನಲ್ ದೇವೂ ಕೀ ಕಂಪ್ಯಾಟಿಬಲ್?” (ಅಸಲಿ ಕೊಡಲೋ, ಬೇರೆಯವರ ಅಗ್ಗದ್ದೋ?) ಬೆಲೆ ಕೇಳಿದ ಮೇಲೆ ಬಹಳ ಮಂದಿ ಎರಡನೆಯದರತ್ತ ವಾಲುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಲಾಕ್‌ಡೌನಿನಲ್ಲಿ ಮಕ್ಕಳ ಪಾಠಕ್ಕೆಂದು ಕೊಂಡ ಸಣ್ಣ ಪ್ರಿಂಟರುಗಳಲ್ಲಿ ಎರಡು ಮೂರು ಜೊತೆ ಕಾರ್ಟ್ರಿಜ್ ಬದಲಿಸುವಷ್ಟರಲ್ಲಿ ಪ್ರಿಂಟರಿನ ಬೆಲೆಯೇ ಮೀರುತ್ತದೆ. ಆದರೆ ಕಂಪ್ಯಾಟಿಬಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ನಿಮ್ಮ ಯಂತ್ರದಲ್ಲಿ ಪ್ರಿಂಟ್ ಹೆಡ್ ಎಲ್ಲಿದೆ ಎಂದು ತಿಳಿಯಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಇಂಕನ್ನು ಕೂದಲಿಗಿಂತ ಸಣ್ಣ ರಂಧ್ರಗಳಿಂದ ಕಾಗದದ ಮೇಲೆ ಚಿಮ್ಮಿಸುವ ಭಾಗವೇ ಹೆಡ್. ಎಚ್‌ಪಿ 680, 805 ಅಥವಾ ಕ್ಯಾನನ್ ಪಿಜಿ-745 ಥರದ ಕಾರ್ಟ್ರಿಜ್ ಕೈಯಲ್ಲಿ ಹಿಡಿದು ನೋಡಿ: ಅಡಿಯಲ್ಲಿ ಸಣ್ಣ ಲೋಹದ ಪಟ್ಟಿ, ಪಕ್ಕದಲ್ಲಿ ತಾಮ್ರಬಣ್ಣದ ಚುಕ್ಕೆಗಳು. ಆ ಪಟ್ಟಿಯೇ ಹೆಡ್. ಕ್ಷಣಮಾತ್ರ ಕಾಯ್ದ ಇಂಕಿನಲ್ಲಿ ಗುಳ್ಳೆಯೆದ್ದು ಹನಿ ಹೊರಗೆ ಬೀಳುತ್ತದೆ. ಕಾರ್ಟ್ರಿಜ್ ಎಸೆದರೆ ಹೆಡ್ಡೂ ಹೋಯಿತು, ಹೊಸದು ಹಾಕಿದರೆ ಹೆಡ್ಡೂ ಹೊಸದು. ಹಾಗಾಗಿ ಕಳಪೆ ಇಂಕು ಹಾಕಿದರೂ ಸಾಮಾನ್ಯವಾಗಿ ಕೆಡುವುದು ಆ ಕಾರ್ಟ್ರಿಜ್ ಮಾತ್ರ. ಸೋರಿ ಒಳಗೆಲ್ಲ ಮಸಿಯಾದರೆ ಒರೆಸುವ ಕೆಲಸವಿದೆ, ಅಷ್ಟೆ.

ಎಪ್ಸನ್ ಎಲ್ 3110ರಂಥ ಟ್ಯಾಂಕ್ ಪ್ರಿಂಟರಿನ ಕಥೆ ಬೇರೆ. ಅಲ್ಲಿ ಹೆಡ್ ಯಂತ್ರದಲ್ಲೇ ಕಾಯಂ ಕೂತಿರುತ್ತದೆ. ಬಿಸಿ ಮಾಡುವುದಿಲ್ಲ, ವಿದ್ಯುತ್ ತಾಗಿದರೆ ಬಾಗುವ ಪೀಜೋ ಹರಳು ಇಂಕನ್ನು ಒತ್ತುತ್ತದೆ. ಹೆಡ್ ಕಟ್ಟಿಕೊಂಡರೆ ಸರ್ವಿಸ್ ಸೆಂಟರಿನ ಬಿಲ್ಲು ಸಾವಿರಗಳಲ್ಲಿ. ಕ್ಯಾನನ್ ಜಿ ಸರಣಿ ಮತ್ತು ಎಚ್‌ಪಿ ಟ್ಯಾಂಕ್ ಪ್ರಿಂಟರುಗಳ ಹಲವು ಮಾದರಿಗಳಲ್ಲಿ ಹೆಡ್ ಬಿಚ್ಚಿ ಬದಲಿಸಬಹುದು. ಆದರೂ ಟ್ಯಾಂಕ್ ಯಂತ್ರವಿದ್ದವರಿಗೆ ನನ್ನ ಮಾತು ನೇರ: ಅಸಲಿ ಇಂಕನ್ನೇ ಹಾಕಿ. 65 ಮಿಲಿಲೀಟರಿನ ಎಪ್ಸನ್ 003 ಕಪ್ಪು ಬಾಟಲಿಯಿಂದ ಕಂಪನಿಯ ಲೆಕ್ಕದಲ್ಲಿ 4,500 ಪುಟ ಬರುತ್ತದೆ. ಪುಟಕ್ಕೆ ಬೀಳುವುದೇ ಪೈಸೆಗಳು. ಅಲ್ಲಿ ಉಳಿಸಲು ಹೋಗಿ ಹೆಡ್ ಕಳೆದುಕೊಳ್ಳುವುದು ಜಾಣತನವಲ್ಲ.

ಕಾರ್ಟ್ರಿಜ್‌ನಲ್ಲಿ ಲೆಕ್ಕ ತಿರುಗುಮುರುಗು. ಎಚ್‌ಪಿ 802ರ ಸಣ್ಣ ಕಪ್ಪು ಕಾರ್ಟ್ರಿಜ್‌ನಿಂದ ಸುಮಾರು 120 ಪುಟ, 680ರ ಕಪ್ಪಿನಿಂದ ಸುಮಾರು 480. ಅದೂ ಪುಟದ ತುಂಬ ಚಿತ್ರವಿದ್ದರಲ್ಲ. ಸಾಧಾರಣ ಪತ್ರದಷ್ಟು ಅಕ್ಷರವಿದ್ದರೆ. ಮಗುವಿನ ಪ್ರಾಜೆಕ್ಟಿಗೆ ಶನಿವಾರವಾಡೆಯ ಬಣ್ಣದ ಚಿತ್ರ ನಾಲ್ಕು ತೆಗೆದರೆ ಆ ಲೆಕ್ಕ ಕುಸಿಯುತ್ತದೆ. ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ, ಕಂಪ್ಯಾಟಿಬಲ್ ಯಾಕೆ ಮಾರಾಟವಾಗುತ್ತದೆಂದು ತಾನೇ ತಿಳಿಯುತ್ತದೆ.

ಕಂಪ್ಯಾಟಿಬಲ್ ಎಂದು ಕೊಡುವುದರಲ್ಲೂ ಬಗೆಗಳಿವೆ. ಹೆಡ್ ಇರುವ ಕಾರ್ಟ್ರಿಜ್‌ಗಳಲ್ಲಿ ಬಹುಪಾಲು ಹಳೆಯ ಅಸಲಿ ಡಬ್ಬಿಗೇ ಹೊಸ ಇಂಕು ತುಂಬಿದವು. ಅದಕ್ಕೇ ಅಂಗಡಿಯವರು ಖಾಲಿ ಕಾರ್ಟ್ರಿಜ್ ಕೊಳ್ಳುತ್ತಾರೆ. ಈ ಡಬ್ಬಿಯ ಹೆಡ್ ಹಿಂದೆ ಎಷ್ಟು ಸಲ ದುಡಿದಿದೆ ಎಂಬುದು ಕಣ್ಣಿಗೆ ಕಾಣದು, ಒಂದೇ ಅಂಗಡಿಯ ಎರಡು ಕಾರ್ಟ್ರಿಜ್ ಎರಡು ರೀತಿ ಇರುವುದು ಇದರಿಂದಲೇ. ಇನ್ನೊಂದು, ಕಂಪನಿಯ ಹೆಸರೇ ಅಚ್ಚು ಹಾಕಿದ ನಕಲಿ. ಅದನ್ನು ಅಗ್ಗದ ಮಾಲು ಎನ್ನಬೇಡಿ, ಅದು ಮೋಸ. ಅಸಲಿಯ ಬೆಲೆ ಕೊಟ್ಟರೆ ಡಬ್ಬದ ಮೇಲಿನ ಭದ್ರತಾ ಲೇಬಲ್ ಸ್ಕ್ಯಾನ್ ಮಾಡಿಯೇ ಒಡೆಯಿರಿ.

ಹಾಕಿದ ಮೇಲೆ ಯಂತ್ರ ತಕರಾರು ತೆಗೆಯಬಹುದು. ಎಚ್‌ಪಿಯಲ್ಲಿ ‘ಬಳಸಿದ ಅಥವಾ ನಕಲಿ ಕಾರ್ಟ್ರಿಜ್’ ಎಂಬ ಸೂಚನೆ ಬಂದರೆ ಸಾಮಾನ್ಯವಾಗಿ ಓಕೆ ಒತ್ತಿ ಮುಂದುವರಿಯಬಹುದು, ಇಂಕಿನ ಮಟ್ಟ ಮಾತ್ರ ಸರಿಯಾಗಿ ತೋರಿಸದು. ಕ್ಯಾನನ್‌ನ ಕೆಲವು ಮಾದರಿಗಳಲ್ಲಿ ಇ 13, ಇ 16 ಎಂಬ ಸಂಕೇತ ಬಂದರೆ ಸ್ಟಾಪ್ ಗುಂಡಿಯನ್ನು ಐದು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಬೇಕು. ‘ಕಾರ್ಟ್ರಿಜ್ ಪ್ರೊಟೆಕ್ಷನ್’ ಎಂಬ ಎಚ್‌ಪಿ ಸೆಟ್ಟಿಂಗ್ ಆನ್ ಇದ್ದಾಗ ಹಾಕಿದ ಕಾರ್ಟ್ರಿಜ್ ಆ ಪ್ರಿಂಟರಿಗೇ ಬೀಗವಾಗುತ್ತದೆ. ತುಂಬಿಸಿ ಬೇರೆಯವರಿಗೆ ಕೊಟ್ಟರೆ ನಡೆಯದು. ಆಮೇಲೆ ಆಫ್ ಮಾಡಿದರೂ ಆಗಲೇ ಬಿದ್ದ ಬೀಗ ತೆರೆಯುವುದಿಲ್ಲ. ಕೆಲವು ಎಚ್‌ಪಿ ಮಾದರಿಗಳಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಬೇರೆ ಕಂಪನಿಯ ಚಿಪ್ ಇರುವ ಕಾರ್ಟ್ರಿಜ್ ಇದ್ದಕ್ಕಿದ್ದಂತೆ ತಿರಸ್ಕಾರವಾಗುವುದುಂಟು. 2016ರ ಸೆಪ್ಟೆಂಬರಿನಲ್ಲಿ ಅದರ ಆಫೀಸ್‌ಜೆಟ್ ಗ್ರಾಹಕರಿಗೆ ಹಾಗೇ ಆಗಿ ದೊಡ್ಡ ಗಲಾಟೆಯಾಗಿತ್ತು. ಕಂಪ್ಯಾಟಿಬಲ್ ಬಳಸುವವರು ತಾನೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡುವುದು ಲೇಸು.

ವಾರಂಟಿ ಪೂರ್ತಿ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಎಚ್‌ಪಿಯ ವಾರಂಟಿ ಪತ್ರದಲ್ಲಿರುವುದು ಬೇರೆ: ಬೇರೆಯವರ ಕಾರ್ಟ್ರಿಜ್ ಬಳಸಿದ ಮಾತ್ರಕ್ಕೆ ವಾರಂಟಿ ಹೋಗದು, ಅದರಿಂದಲೇ ಯಂತ್ರ ಕೆಟ್ಟರೆ ಆ ರಿಪೇರಿಯ ಖರ್ಚು ನಿಮ್ಮದು. ನಿಮ್ಮ ಕಂಪನಿಯ ಪತ್ರ ಓದಿಕೊಳ್ಳಿ.

ಪುಣೆಯಲ್ಲಿ ಇಂಕಿಗಿಂತ ದೊಡ್ಡ ಶತ್ರು ಹವೆ. ಮಾರ್ಚ್‌ನಿಂದ ಮೇವರೆಗಿನ ಒಣ ಮಧ್ಯಾಹ್ನಗಳಲ್ಲಿ ಹೆಡ್ಡಿನ ಮೇಲಿನ ಇಂಕು ಬೇಗ ಒಣಗುತ್ತದೆ, ಅಸಲಿಯಾದರೂ ಅಷ್ಟೆ. ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ. ಯಂತ್ರವನ್ನು ಅದರ ಗುಂಡಿಯಿಂದಲೇ ಆರಿಸಿ. ಆಗ ಹೆಡ್ ತಪ್ಪದೆ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಪ್ರಿಂಟ್ ನಡೆಯುವಾಗಲೇ ವಿದ್ಯುತ್ ತಂತಿಗಳ ಗುರುವಾರದ ರಿಪೇರಿಗೆಂದು ಕರೆಂಟ್ ಹೋದರೆ, ಅದು ಬಾಯಿ ತೆರೆದೇ ಉಳಿಯಬಹುದು. ಅಕ್ಷರ ಮಂಕಾದ ಮೇಲೂ ಎಳೆಯಬೇಡಿ, ಇಂಕಿಲ್ಲದೆ ಕಾಯ್ದ ಹೆಡ್ ಸುಟ್ಟರೆ ಮರಳಿ ತುಂಬಿಸಿ ಪ್ರಯೋಜನವಿಲ್ಲ. ಕ್ಲೀನಿಂಗನ್ನು ಪದೇ ಪದೇ ಒತ್ತುವುದೂ ಬೇಡ. ಪ್ರತಿ ಸಲವೂ ಇಂಕು ಒಳಗಿನ ಸ್ಪಂಜಿಗೆ ಹರಿದು ಹಾಳಾಗುತ್ತದೆ.

ಕೊಳ್ಳುವಾಗ ಒಂದನ್ನೇ ಕೊಳ್ಳಿ, ಬಿಲ್ಲು ಕೇಳಿ, ನಡೆಯದಿದ್ದರೆ ಬದಲಿಸಿಕೊಡುವ ಮಾತನ್ನು ಆ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ತಿಂಗಳಿಗೆ ಹತ್ತು ಪುಟವೂ ಬೇಡದ ಮನೆಗೆ ಗಲ್ಲಿಯ ಜೆರಾಕ್ಸ್ ಅಂಗಡಿಯೇ ಎಲ್ಲಕ್ಕಿಂತ ಅಗ್ಗ. ಖಾಲಿ ಕಾರ್ಟ್ರಿಜ್ ಇ-ತ್ಯಾಜ್ಯ ನಿಯಮದಡಿ ಬರುತ್ತದೆ. ಒಣ ಕಸದ ಬುಟ್ಟಿಗೆ ಹಾಕದೆ ಅಂಗಡಿಗೆ ಮಾರಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.